ಇಲ್ಲದ ಬಾವಿ ಮುಚ್ಚಿಸಿ ಬಾ ಎಂದ ಪರವಾನಗಿ ಅಧಿಕಾರಿಗೆ

ಮಾನ್ಯ ಕಟ್ಟಡ ಪರವಾನಗಿ ಅಧಿಕಾರಿಗಳೇ,

ಮೊನ್ನೆ ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೇ ತಲೆಯಿಟ್ಟು ತೂಕಡಿಸಿದೆ. ಕನಸಿನಲ್ಲಿ ನೀವು ನನ್ನ ಹಿತ್ತಲ ಬಾವಿಗೆ ಬಿದ್ದಿದ್ದಿರಿ. "ಹಗ್ಗ ಬಿಡಮ್ಮಾ" ಎಂದು ಕೂಗುತ್ತಿದ್ದಿರಿ. ನಾನು ಕಟ್ಟೆಯ ಮೇಲೆ ಕೂತು, "ಬಿಡ್ತೀನಿ ಸಾರ್, ಅರ್ಜಿ ಮೂರು ಪ್ರತಿ ಕೊಡಿ. ಸಹಿ ಹಾಕೋರು ಇವತ್ತು ರಜೆ" ಎಂದೆ. ಎಚ್ಚರವಾದಾಗ ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನನ್ನ ಹಿತ್ತಲಲ್ಲಿ ಬಾವಿಯೇ ಇಲ್ಲವಲ್ಲ ಎಂದು ಬೇಜಾರಾಯಿತು, ಅಷ್ಟೆ. ಆ ಬಾವಿ ಇರುವುದು ನಿಮ್ಮ ಕಡತದಲ್ಲಿ. ಅದರೊಳಗೆ ಬಿದ್ದಿರುವುದು ನನ್ನ ಮಗಳ ಹದಿನಾಲ್ಕು ತಿಂಗಳು.

ನಾನು ಕೇಳಿದ್ದು ಅರಮನೆಯಲ್ಲ. ಹಿತ್ತಲಲ್ಲಿ ಮಗಳಿಗೊಂದು ಬ್ಯಾಡ್ಮಿಂಟನ್ ಅಂಕಣ, ನಲವತ್ತನಾಲ್ಕು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಸಿಮೆಂಟು ನೆಲ. ಅವಳು ಆಡುತ್ತಿದ್ದ ಸಭಾಂಗಣ ಗೋದಾಮಾಯಿತು. ಈಗ ನಡುಮನೆಯ ಫ್ಯಾನು ಬಿಚ್ಚಿಟ್ಟಿದ್ದೇವೆ. ಅವಳು ಗೋಡೆಗೆ ಶಟಲ್ ಹೊಡೆದು ಕಲಿಯುತ್ತಾಳೆ, ನಾವು ಬೆವರುತ್ತೇವೆ. ಅರ್ಜಿ ಕೊಟ್ಟಾಗ ಅವಳಿಗೆ ಹದಿನಾಲ್ಕು. ಹದಿನೈದರೊಳಗಿನವರ ತಂಡದ ಆಯ್ಕೆ ಕಣ್ಣೆದುರೇ ಮುಗಿದುಹೋಯಿತು. ಹದಿನೇಳರೊಳಗಿನದು ಇನ್ನು ಐದು ತಿಂಗಳಿಗೆ. ಅದನ್ನೂ ನುಂಗುವ ಯೋಚನೆಯೇ?

ಜಾಗ ನೋಡಲು ಬಂದ ನಿಮ್ಮ ಪರಿವೀಕ್ಷಕರು ನಮ್ಮ ಹಿತ್ತಲಿಗೆ ಕಾಲಿಡಲಿಲ್ಲ. ನೆಲ ಒದ್ದೆಯಿತ್ತು, ಬೂಟು ಹೊಸದಿತ್ತು. ಪಕ್ಕದ ಮನೆಯ ತಾರಸಿ ಹತ್ತಿ, ಟೀ ಕುಡಿದು, ಅಲ್ಲಿಂದಲೇ ಇಣುಕಿದರು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ನೀರಿನ ಟ್ಯಾಂಕಿನ ಕರೀ ಮುಚ್ಚಳ ಕಂಡು "ತೆರೆದ ಬಾವಿ ಇದೆ" ಎಂದು ಬರೆದರು. ಎಂಥ ದಿವ್ಯದೃಷ್ಟಿ! ಬಾವಿ ಮುಚ್ಚಿಸಿ ಪ್ರಮಾಣಪತ್ರ ತನ್ನಿ ಎಂದು ನೀವು ಆದೇಶ ಹೊರಡಿಸಿದಿರಿ.

ನೀರು ವಿಭಾಗಕ್ಕೆ ಹೋದೆ. ಗುಮಾಸ್ತರು ರಿಜಿಸ್ಟರು ತಿರುವಿ, "ನಿಮ್ಮಲ್ಲಿ ಬಾವೀನೇ ಇಲ್ವಲ್ಲಮ್ಮ. ಇಲ್ದಿರೋದನ್ನ ಮುಚ್ಚಿದೆ ಅಂತ ಹೇಗೆ ಬರ್ಕೊಡ್ಲಿ?" ಎಂದರು.

"ಹಾಗಾದ್ರೆ ಇಲ್ಲ ಅಂತಾನೇ ಬರ್ಕೊಡಿ."

"ಇಲ್ಲ ಅನ್ನೋದಕ್ಕೆ ಫಾರಂ ಇಲ್ಲ."

ಮನೆಗೆ ಬಂದು ಹೇಳಿದರೆ ನಮ್ಮೆಜಮಾನರು, "ಒಂದು ಬಾವಿ ತೋಡ್ಸಿ ಮುಚ್ಚಿಬಿಡೋಣ ಕಣೇ, ಸುಲಭ" ಎಂದರು.

"ತೋಡೋಕೂ ಪರವಾನಗಿ ಬೇಕಪ್ಪಾ" ಎಂದಳು ಮಗಳು. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಸರ್ಕಾರಿ ಕಾಗದ ಸುಳ್ಳು ಹೇಳುತ್ತದೆಯೇ, ನಿಜಕ್ಕೂ ಒಳಗೆಲ್ಲೋ ಬಾವಿ ಹೂತುಹೋಗಿದ್ದು, ಮಗಳು ಹಾರಿ ಹೊಡೆಯುವಾಗ ನೆಲ ಕುಸಿದರೆ? ಒಂದು ವಾರ ದೊಣ್ಣೆ ಹಿಡಿದು ಹಿತ್ತಲ ಅಂಗುಲ ಅಂಗುಲವನ್ನೂ ಕುಟ್ಟಿದೆ. ನಮ್ಮೂರಿನವರ ಕಣ್ಣಲ್ಲಿ ನನ್ನನ್ನು ಹುಚ್ಚಿ ಮಾಡಿದ ಕೀರ್ತಿಯೂ ನಿಮ್ಮದೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಿಮ್ಮ ನಿಯಮಗಳನ್ನು ಓದುವ ಯೋಗ್ಯತೆ ಇರಲಿಲ್ಲ. ಆದರೆ ನೀವೇ ನನ್ನನ್ನು ಇಪ್ಪತ್ತಾರು ಸಲ ಬೆಂಚಿನ ಮೇಲೆ ಕೂರಿಸಿದಿರಿ, ಎದುರು ಗೋಡೆಗೇ ನಿಯಮಾವಳಿ ಅಂಟಿಸಿದ್ದಿರಿ. ಕಾಗುಣಿತ ಕೂಡಿಸಿ ಕೂಡಿಸಿ ಪೂರ್ತಿ ಓದಿದೆ. ಹೊಸದಾಗಿ ಏನು ಕಟ್ಟಿದರೂ ಎಲ್ಲೆಯಿಂದ ಮೂರಡಿ ಬಿಡಬೇಕಂತೆ. ಬೆಂಚಿನ ಪಕ್ಕದ ಕಿಟಕಿಯಲ್ಲಿ ನಿಮ್ಮ ಕಾರಿನ ಹೊಸ ಶೆಡ್ಡು ಕಾಣುತ್ತದೆ. ದರ್ಜಿಯ ಚೀಲದಲ್ಲಿ ಅಳತೆ ಟೇಪು ಇಲ್ಲದಿರುತ್ತದೆಯೇ? ನೀವು ಊಟಕ್ಕೆ ಹೋದಾಗ ಅಳೆದೆ. ಎರಡಡಿ ಒಂದಂಗುಲ. ಮೇಲಿನ ಕಚೇರಿಗೆ ದೂರು ಕೊಟ್ಟಿದ್ದೇನೆ, ಮೂರು ಪ್ರತಿಯಲ್ಲಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು. ಆ ಶೆಡ್ಡು ಕೆಡವುವ ದಿನ ನಾನು ರಜೆ ಹಾಕಿ ಬಂದು ನಿಂತು ನೋಡುತ್ತೇನೆ.

ಹಾಗೆಂದು ನನ್ನ ಬೇಡಿಕೆ ಬಿಟ್ಟುಕೊಟ್ಟಿಲ್ಲ. ಹದಿನೈದು ದಿನದೊಳಗೆ ಪರಿವೀಕ್ಷಕರು ನನ್ನ ಹಿತ್ತಲಿಗೆ ಇಳಿಯಬೇಕು, ಕಂಡದ್ದನ್ನು ಬರೆಯಬೇಕು, ನೀವು ಪರವಾನಗಿಗೆ ಸಹಿ ಹಾಕಬೇಕು. ಕೊಟ್ಟರೂ ದೂರು ಹಿಂತೆಗೆದುಕೊಳ್ಳುವುದಿಲ್ಲ. ಅದಕ್ಕೂ ಫಾರಂ ಇಲ್ಲವಂತೆ, ವಿಚಾರಿಸಿದ್ದೇನೆ.

ಇಂತಿ,
ನಿಮ್ಮ ಬೆಂಚು ಸವೆಸಿ ನಿಯಮ ಕಲಿತ
ಒಬ್ಬ ದರ್ಜಿ ಹೆಂಗಸು

ವಿ.ಸೂ.: ನನ್ನದು ಬಟ್ಟೆಯ ಟೇಪು. ಹಳತಾದರೆ ಎಳೆದುಕೊಂಡು ಉದ್ದವಾಗುತ್ತದೆ, ಅಳತೆ ಕಡಿಮೆ ತೋರಿಸುತ್ತದೆ. ನಿಮಗೆ ಒಂದಂಗುಲದ ಅನ್ಯಾಯ ಮಾಡಿದೆನೇನೋ ಎಂದು ನಿದ್ದೆ ಬರುತ್ತಿಲ್ಲ. ದಯವಿಟ್ಟು ಶೆಡ್ಡಿನ ಹಿಂದಿನ ಮೂಲೆಯಿಂದ ಕಾಂಪೌಂಡಿನವರೆಗೆ ಕಬ್ಬಿಣದ ಟೇಪು ಹಿಡಿದು, ಬಗ್ಗಿ, ನೀವೇ ಇನ್ನೊಮ್ಮೆ ಅಳೆದು ನೋಡಿ.