ಬಾಗಿಲು ನೀನು ತೆಗೀಬೇಡ

ಆರ್ನೆಲ್,

ಅಮ್ಮನನ್ನ ಕರ್ಕೊಂಡು ಬರೋಕೆ ವಿಮಾನ ನಿಲ್ದಾಣಕ್ಕೆ ಹೊರಟೆ. ನಿನ್ನನ್ನ ಎಬ್ಬಿಸಿ ಎಬ್ಬಿಸಿ ಸಾಕಾಯ್ತು. ಈ ವಿನ್ನಿಪೆಗ್ ಚಳಿಗೆ ಅಂತ ನಿನ್ನ ದಪ್ಪ ಕೋಟು ಅವಳಿಗೆ ತಗೊಂಡಿದ್ದೀನಿ.

ಮೀನಿನ ಹುಳಿಸಾರು, ಸಿನಿಗಾಂಗ್, ಒಲೆ ಮೇಲಿದೆ, ಬಿಸಿ ಮಾಡಿಡು. ರುಚಿ ನೋಡೋ ನೆಪದಲ್ಲಿ ಮೀನೆಲ್ಲ ಖಾಲಿ ಮಾಡಬೇಡ. ಪಾತ್ರೆ ತೊಳಿ, ಪೊರಕೆ ಬಚ್ಚಿಡು. ಹಾಂಗ್‌ಕಾಂಗಲ್ಲಿ ಇಪ್ಪತ್ತೆರಡು ವರ್ಷ ಮನೆಗೆಲಸ ಮಾಡಿ ನಮ್ಮನ್ನ ಓದಿಸಿದವಳು, ಕಣ್ಣಿಗೆ ಬಿದ್ರೆ ಕೈಕಟ್ಟಿ ಕೂರಲ್ಲ.

ಅರ್ಜಿ ಎರಡು ಸಲ ವಾಪಸ್ ಬಂದಾಗ "ಅಮ್ಮನನ್ನ ಕೆನಡಾಕ್ಕೆ ಕರೆಸ್ಕೊಳ್ಳೋದು ನಿನ್ನಿಂದ ಆಗಲ್ಲ ಬಿಡಕ್ಕ" ಅಂದಿದ್ದೆ ಅಲ್ವಾ? ಮಂಜೂರಾದ ಪತ್ರ ಫ್ರಿಜ್ ಮೇಲೆ ಅಂಟಿಸಿದ್ದೀನಿ. ಕರೆಸಿಕೊಳ್ಳುವವರು ಅನ್ನೋ ಕಡೆ ಯಾರ ಹೆಸರಿದೆ ಓದ್ಕೋ. ಎರಡು ಸಲ ಓದ್ಕೋ.

ಇನ್ನೊಂದು ಮಾತು. ನಾವು ಬರೋದು ಕಿಟಕೀಲಿ ಕಂಡ್ರೂ ಓಡಿಬಂದು ಬಾಗಿಲು ತೆಗೀಬೇಡ. ಇಷ್ಟು ವರ್ಷ ಅಮ್ಮ ಬೆಲ್ ಹೊಡೆದಾಗೆಲ್ಲ ಓಡಿಹೋಗಿ ಬೇರೆಯವರ ಬಾಗಿಲು ತೆಗೆದಳು. ಒಬ್ಬರೂ ಅವಳ ಕೈಗೆ ಬೀಗದ ಕೈ ಕೊಡಲಿಲ್ಲ. ನಾನು ಅವಳಿಗೇ ಅಂತ ಒಂದು ಮಾಡಿಸಿದ್ದೀನಿ. ಚಳೀಲಿ ಎಷ್ಟು ಹೊತ್ತು ತಡಕಾಡಿದ್ರೂ ಸರಿ, ಅವಳೇ ತೆಗೀಲಿ.

ನಿನ್ನಕ್ಕ,
ಮಾರಿವಿಕ್