ಟರ್ನರ್ ಎಂಬ ಅಡ್ಡಹೆಸರು

ಹರಿಹರ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಅಕೀಬ್ ಭಾಯಿ,

ಅಸ್ಸಲಾಮು ಅಲೈಕುಂ. ಹೇಗಿದ್ದೀಯ? ಹೋಟೆಲಿನ ಒಲೆ ಮುಂದೆ ದಿನವಿಡೀ ನಿಂತು ನಿನ್ನ ಕಾಲು ಊದಿಕೊಳ್ಳುತ್ತದೆ ಎಂದು ಮಸ್ತಾನಸಾಬ್ ಚಾಚಾ ಹೇಳಿದರು. ಈಗ ಕಡಿಮೆಯಾಗಿದೆಯೇ? ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜು ನೋಡಿಯೂ ಸುಮ್ಮನಿರುತ್ತೀಯ. ಚಾಚಾ ರಜೆ ಮುಗಿಸಿ ಇವತ್ತು ಮಸ್ಕತ್ತಿಗೆ ಹೊರಟಿದ್ದಾರೆ. ಅವರು ಕೈಗಿಟ್ಟ ಕಾಗದವನ್ನಾದರೂ ಓದುತ್ತೀಯ ಎಂದು ಬರೆಯುತ್ತಿದ್ದೇನೆ. ಎರಡು ಸಲ ಬರೆದು ಹರಿದು ಹಾಕಿದೆ. ‘ಎಲ್ಲಾರೂ ಆರಾಮ ಅದೀವಿ ಅಂತ ಬರಿ’ ಎಂದು ಅಮ್ಮಿ ಒಳಗಿನಿಂದ ಹೇಳುತ್ತಲೇ ಇದ್ದಾಳೆ. ಬರೆದಿದ್ದೇನೆ.

ಹೋದ ತಿಂಗಳು ನಾನು ಪಾಠ ಮಾಡುವ ಶಾಲೆಗೆ ಹೊಸ ಹೆಡ್ಮಿಸ್ ಬಂದರು, ರೂಪಶ್ರೀ ಎಂದು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ನೋಡಿದವರೇ ‘ಸುಮೈರಾ ಟರ್ನರ್! ನೀವು ಕ್ರಿಶ್ಚಿಯನ್ನರಾ?’ ಎಂದರು. ನಿನಗೆ ಪಾಸ್‌ಪೋರ್ಟ್ ಮಾಡಿಸುವಾಗ ಕೇಳಿದ ಅದೇ ಪ್ರಶ್ನೆ. ನಿನ್ನನ್ನು ಒಂದನೇ ತರಗತಿಗೆ ಸೇರಿಸುವಾಗ ಮಲ್ಲೇಶಪ್ಪ ಮೇಷ್ಟ್ರು ‘ಅಡ್ಡಹೆಸರು ಏನ್ರಿ?’ ಎಂದದ್ದನ್ನು, ಕೆಲಸ ಏನೆಂದು ಕೇಳಿದರೆಂದುಕೊಂಡು, ಲೇತ್ ಮಿಷನ್ನಿನಲ್ಲಿ ಕಬ್ಬಿಣ ಕಡೆಯುವ ಅಬ್ಬಾ ಎದೆ ಉಬ್ಬಿಸಿ ‘ಟರ್ನರ್ ರೀ’ ಎಂದ, ಆಮೇಲೆ ನನಗೂ ಅದೇ ಹೆಸರು ಬಿದ್ದ ಕಥೆಯನ್ನು ಹೇಳಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಅದೇ ಹೆಸರಿಗಾಗಿ ನೀನು ಎರಡು ವರ್ಷದಿಂದ ಮನೆ ಬಿಟ್ಟಿದ್ದೀಯಲ್ಲ! ಅಫಿಡವಿಟ್ ಮಾಡಿಸಿ ಟರ್ನರ್ ತೆಗೆಸಿ ಅಕೀಬ್ ಜಮಾಲ್ ಆದ ದಿನ ನೀನು ‘ನಾನು ಅಡುಗೆ ಮಾಡೋನು, ನನ್ನ ಹೆಸರಾಗೆ ನಿಮ್ಮ ಲೇತ್ ಮಿಷನ್ ಯಾಕ?’ ಎಂದೆ. ‘ಆ ಮಿಷನ್ನೇ ಕಣೋ ನಿನ್ನ ಸಾಕಿದ್ದು’ ಎಂದ ಅಬ್ಬಾ ಆಮೇಲೆ ನಿನ್ನ ಹೆಸರನ್ನೇ ಎತ್ತಲಿಲ್ಲ.

ಮನಸ್ಸು ತಡೆಯದೆ ವಿದ್ಯಾನಗರದಲ್ಲಿರುವ ಗೆಳತಿ ಕೀರ್ತನಾಳ ಕಾಲೇಜಿನಿಂದ ಅಡ್ಡಹೆಸರುಗಳ ಬಗ್ಗೆ ಒಂದು ಪುಸ್ತಕ ತರಿಸಿದೆ. ಏಳೆಂಟು ನೂರು ವರ್ಷದ ಹಿಂದೆ ಇಂಗ್ಲೆಂಡಿನ ಊರುಗಳಲ್ಲಿ ಒಂದೇ ಹೆಸರಿನವರು ಹತ್ತಾರು ಜನ ಇರುತ್ತಿದ್ದರಂತೆ. ಗುರುತು ಸಿಗಲೆಂದು ಗುಮಾಸ್ತರು ಹೆಸರಿನ ಪಕ್ಕ ಕಸುಬನ್ನೂ ಬರೆದುಕೊಳ್ಳುತ್ತಿದ್ದರು. ಕಾಲಲ್ಲಿ ತುಳಿಯುವ ಲೇತಿನ ಮೇಲೆ ಮರದ ಬಟ್ಟಲು, ಕುರ್ಚಿಯ ಕಾಲು ಕಡೆಯುವವನು ಟರ್ನರ್. ಬರಬರುತ್ತಾ ಮಗ ಬೇರೆ ಕೆಲಸ ಹಿಡಿದರೂ ಅಪ್ಪನ ಕಸುಬು ಅವನ ಹೆಸರಿಗೆ ಅಂಟಿಕೊಂಡಿತು. ಈಗ ಆ ಹೆಸರಿನ ಡಾಕ್ಟರು, ವಕೀಲರೆಲ್ಲ ಇದ್ದಾರೆ, ಲೇತ್ ಮುಟ್ಟಿದವರು ಕಡಿಮೆ.

ಇದನ್ನು ಅಬ್ಬಾಗೆ ಓದಿ ಹೇಳಿದೆ. ಮೊದಲು ಖುಷಿಪಟ್ಟರು. ‘ಹಂಗಾರೆ ಅವರೂ ನಮ್ಮೋರೇ’ ಎಂದರು. ಕಾಲಲ್ಲಿ ತುಳಿದರೆ ಬಟ್ಟಲು ಹೆಂಗೆ ನುಣ್ಣಗಾಗುತ್ತದೆ ಎಂದು ಚಿತ್ರವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟರು. ‘ಆ ಮಕ್ಕಳನ್ನ ಯಾರಾದ್ರೂ ಕೇಳಿದ್ರಾ, ಈ ಹೆಸರು ಬೇಕಾ ಬ್ಯಾಡ್ವಾ ಅಂತ?’ ಎಂದರು. ಪುಸ್ತಕದಲ್ಲಿ ಅದು ಇಲ್ಲ ಎಂದೆ. ‘ಬರೆಯೋನು ಬರ್ಕಂಡ, ಆತು. ನಾನೂ ಅಕೀಬನ್ನ ಕೇಳ್ಲಿಲ್ಲ’ ಎಂದು ಎದ್ದು ಹೋದರು. ಎರಡು ವರ್ಷದ ಮೇಲೆ ಅವರ ಬಾಯಲ್ಲಿ ನಿನ್ನ ಹೆಸರು ಕೇಳಿ ಅಮ್ಮಿ ಕೈಯಲ್ಲಿದ್ದ ಹಿಟ್ಟಿನ ಸಮೇತ ಹೊರಗೆ ಓಡಿಬಂದಳು. ನೀನು ಆವತ್ತು ಹೇಳಿದ ಮಾತು ಸರಿ ಎನ್ನುತ್ತಿಲ್ಲ, ಭಾಯಿ. ಆ ಹೆಸರು ನನಗಂತೂ ಇರಲಿ. ನಿನಗೆ ಬೇಡವಾದರೆ ಅದು ನಿನ್ನಿಷ್ಟ. ಆದರೆ ಜಗಳ ಸಾಕು.

ಅಮ್ಮಿ ನಿನಗೆ ದುವಾ ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಸುಮೈರಾ

ತಾ.ಕ.: ಚಾಚಾನ ಆಟೋ ಬಂತು. ಅಮ್ಮಿ ಬರೆಯಬೇಡ ಅಂದಿದ್ದಳು, ಬರೆಯುತ್ತೇನೆ. ಅಬ್ಬಾನ ಬಲಗೈಗೆ ಲೇತಿನಲ್ಲಿ ಕಡೆಯುವಾಗ ಏಳುವ ಕಬ್ಬಿಣದ ಸುರುಳಿ ಹೊಕ್ಕು ಗಾಯವಾಗಿತ್ತು, ಸಕ್ಕರೆ ಕಾಯಿಲೆಯಿಂದ ಕೊಳೆತಿದೆ. ಬರುವ ಶುಕ್ರವಾರ ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆಯುತ್ತಾರೆ. ನಿನ್ನೆ ಅಲ್ಲಿ ಫಾರಂ ತುಂಬುವಾಗ ಮಗನ ಹೆಸರಿನ ಜಾಗದಲ್ಲಿ ರೂಢಿಯಂತೆ ‘ಅಕೀಬ್ ಟ’ ಎಂದು ಬರೆದಿದ್ದೆ. ಅಬ್ಬಾ ಎಡಗೈಯಿಂದ ಪೆನ್ನು ತಡೆದು, ‘ಅದು ಹೊಡದ್ಹಾಕು. ಅವನ ಹೆಸರು ಅಕೀಬ್ ಜಮಾಲ್’ ಎಂದರು. ಗುರುವಾರದೊಳಗೆ ಫೋನ್ ಮಾಡು. ನನಗಲ್ಲ, ಅವರಿಗೆ.