ಮುರ್ಜೊ ನನ್ನನ್ನು ಹುಡುಕಲಿಲ್ಲ

ಪಿರಿನ್ ಬೆಟ್ಟ, ಮಂಗಳವಾರ

ಅಕ್ಕಾ,

ಕೈಗವಸು ಹಾಕಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸಹಿಸಿಕೋ. ನೀನು ಸಾಕಿ ಕೊಟ್ಟ ನಾಯಿ ಮುರ್ಜೊನಿಗೆ ಇವತ್ತು ಹಿಮದಡಿ ಸಿಕ್ಕಿಬಿದ್ದವರನ್ನು ಹುಡುಕುವ ಪರೀಕ್ಷೆಯಿತ್ತು. ಫೇಲಾದ ನಾಯಿ ವಾಪಸ್ ಊರಿಗೆ. ಜನ ಹಿಮದ ಮೇಲೆ ಜಾರುವ ಸ್ಕೀ ಇಳಿಜಾರಿನ ಪಕ್ಕ, ಪರೀಕ್ಷೆಗೆಂದು ನನ್ನನ್ನು ಹಿಮದಲ್ಲಿ ಹೂತರು. ಹುಡುಕಿದ ನಾಯಿಗೆ ಹೂತವನೇ ಸಾಸೇಜ್ ತಿನ್ನಿಸುವುದು ಇಲ್ಲಿಯ ಪದ್ಧತಿ. ಅದು ನನ್ನ ಜೇಬಿನಲ್ಲಿತ್ತು. ಇಪ್ಪತ್ತು ನಿಮಿಷವಾದರೂ ಮುರ್ಜೊ ಬರಲಿಲ್ಲ. ಅವನನ್ನು ಪಳಗಿಸಿದ ಸ್ತಮೆನಾ ಅತ್ತೆಯ ಬೈಗುಳ ಮಾತ್ರ ನನ್ನ ಬಳಿಯಿದ್ದ ವೈರ್‌ಲೆಸ್‌ನಲ್ಲಿ ಕೇಳುತ್ತಿತ್ತು.

“ಈ ಕಡೆ ಬಾರೋ ಪೆದ್ದ, ಆ ಮರದ ಬುಡದಲ್ಲೇನು ನಿನ್ ಮಾವನ ಮನೆ ಇದ್ಯಾ?” ಆಮೇಲೆ ಮೆಲ್ಲಗೆ, “ಅಯ್ಯೋ, ಕೈ ಕಣ್ರೋ. ಯಾರದೋ ಕೈ.”

ನನ್ನನ್ನು ಹೊರತೆಗೆದಾಗ, ಮುರ್ಜೊ ಅಗೆದ ಆ ಮರದ ಬುಡದಲ್ಲೊಬ್ಬ ಸ್ಕೀಗಾರ ನೀಲಿ ತುಟಿಯಲ್ಲಿ ಕೂತಿದ್ದ, ಜೀವಂತವಾಗಿ. ಸ್ವಲ್ಪ ಮುಂಚೆ ಜಾರಿದ ಹಿಮದಡಿ ಅವನಿದ್ದದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಪರೀಕ್ಷಕ ಕಾಗದ ಹಿಡಿದು ಕೇಳಿದ, “ನಾಯಿ ನಿನ್ನನ್ನ ಹುಡುಕ್ತಾ? ಹೂಂ ಅಂದ್ಬಿಡೋ ಮಾರಾಯ, ಪಾಸ್ ಮಾಡ್ತೀನಿ.”

“ಇಲ್ಲ” ಎಂದೆ. ಹೂತವನನ್ನೇ ಹುಡುಕಬೇಕೆಂಬುದು ನಿಯಮ; ಮುರ್ಜೊ ಫೇಲ್. ಸ್ತಮೆನಾ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಶನಿವಾರದ ಬಸ್ಸಿಗೆ ಮುರ್ಜೊ ಬರುತ್ತಾನೆ, ನಿಲ್ದಾಣಕ್ಕೆ ಹೋಗು.

ನನ್ನ ಎಡಗಿವಿ ಊದಿದೆ, ಅಷ್ಟೆ. ಸಾಸೇಜನ್ನು ಆ ಸ್ಕೀಗಾರನಿಗೆ ಕೊಟ್ಟೆ. ಅವನ ಬೆರಳು ಮಡಚುತ್ತಿರಲಿಲ್ಲ. ಅಂಗೈ ಮೇಲಿಟ್ಟುಕೊಂಡು ಮುರ್ಜೊನಿಗೆ ತಿನ್ನಿಸಿದ.

ಕಾಲೋಯಾನ್